ಚಿಂತೆಯ ಮುಖದ ನರಿ

ಅಮ್ಮಾ,

ಸತ್ತ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ನೀನು ಹೊಲಿಯುತ್ತಿದ್ದ ಮ್ಯೂಸಿಯಮ್ಮಿಗೆ, ನೀನು ತೀರಿಹೋದ ಮೇಲೆ ಇವತ್ತೇ ಮೊದಲು ಹೋದದ್ದು. ನಾನೊಬ್ಬಳೇ. ನೀನು ಹೊಲಿದ ನರಿ ಗಾಜಿನ ಪೆಟ್ಟಿಗೆಯಲ್ಲಿ ಇನ್ನೂ ನಿಂತಿದೆ.

“ನೋಡಿ ಅಕ್ಕಾ,” ಅಂತ ಕಾವಲುಗಾರ ನಕ್ಕ. “ನರಿ ಅಂದ್ರೆ ಜಂಬ ಇರ್ಬೇಕು. ಇದು ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ಯೋಚ್ನೆ ಮಾಡ್ತಿದೆ!”

ನಾನೂ ನಕ್ಕೆ. ಗ್ಯಾಸ್ ನೋಡಲೆಂದೇ ಅರ್ಧ ದಾರಿಯಿಂದ ಮನೆಗೆ ವಾಪಸ್ ಹೋಗಿ ಬಂದಿದ್ದೆ.

ಶಾಲೆ ಬಿಟ್ಟ ಮೇಲೆ ನಾನು ಬಂದು ನಿನ್ನ ಪಕ್ಕ ಕೂರುತ್ತಿದ್ದಾಗ, ನೀನು ನರಿಯ ಹುಬ್ಬು ತಿದ್ದುತ್ತಾ ನನ್ನ ಮುಖವನ್ನೇ ನೋಡುತ್ತಿದ್ದೆಯಲ್ಲ, ಯಾಕೆಂದು ಈಗ ತಿಳಿಯಿತು.

ಅದರ ಕಿವಿಯ ಹೊಲಿಗೆ ಬಿಚ್ಚಿಕೊಂಡಿದೆ. ಹೊಲಿದುಕೊಡಲೇ ಎಂದು ಕೇಳುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಕಾವಲುಗಾರ ದೀಪ ಆರಿಸಿದ.

ನಾಳೆ ಸೂಜಿ ತೆಗೆದುಕೊಂಡು ಹೋಗಲಾ? ಬೈಯುತ್ತಾರಾ, ಅಮ್ಮಾ?