ಅಜ್ಜನ ಹೆಸರು ಹೊತ್ತವರು

ಮಾರ್ಚ್ 9, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಪತ್ರಗಳೂ ಬಂದವು. ಉತ್ತರ ಬರೆಯದೆ ಇಷ್ಟು ದಿನ ತಳ್ಳಿದ್ದಕ್ಕೆ ಬೈಯಬೇಡ. ಬೈಯುವುದೇ ಆದರೆ ಪೂರ್ತಿ ಓದಿ ಆಮೇಲೆ ಬೈಯಿ. ನಾನು, ನಿನ್ನ ಭಾವ ಹೇಗೋ ಇದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಅಪ್ಪನ ಊಟ ಎರಡು ತುತ್ತಿಗೆ ಇಳಿದಿದೆ. ಡಾಕ್ಟರು ಬಂದು ನೋಡಿ, "ಇನ್ನು ಔಷಧಿ ಬೇಡ, ಅವರಿಗೆ ಏನಿಷ್ಟಾನೋ ಕೊಡಿ" ಎಂದು ಹೋದರು. ಅಪ್ಪನಿಗೆ ಏನಿಷ್ಟ ಅಂತ ನಿನಗೆ ಗೊತ್ತಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅದೇ ಪ್ರಶ್ನೆ: "ಸಿಕ್ಕಿದ್ನಾ?"

ಸಿಗಬೇಕಾದವನು ಅವರಪ್ಪ, ನಮ್ಮ ಅಜ್ಜ. ಹಡಗಿನಿಂದ ಇಳಿದು ಈ ಊರು ಸೇರಿ, ಹಗ್ಗದ ಕಾರ್ಖಾನೆಯಲ್ಲಿ ದುಡಿದು, ಗುಂಡಿ ಹೊಲಿಯುತ್ತಿದ್ದ ಅಜ್ಜಿಯನ್ನು ಮದುವೆಯಾಗಿ, ಅಪ್ಪನಿಗೆ ಐದು ವರ್ಷವಿದ್ದಾಗ ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಅಜ್ಜಿ ಸಾಯುವವರೆಗೂ ಅವನಿಗೆ ಹಿಡಿಶಾಪ ಹಾಕಿದಳು. ಅಪ್ಪ ಮಾತ್ರ ಕಂಡ ಕಂಡ ಕಚೇರಿಗೆ ಅಲೆದು ನಮ್ಮ ಮನೆತನದ ಹೆಸರನ್ನು ಹುಡುಕಿದರು. ಸಿಕ್ಕಿತು ಕೂಡ, ಒಂದೊಂದು ಕಡೆ ಒಂದೊಂದು ಥರ. ಒಂದರಲ್ಲಿ ಕೊನೆಯ ಅಕ್ಷರ ನುಂಗಿದ್ದರು, ಇನ್ನೊಂದರಲ್ಲಿ ನಡುವೆ ಒಂದನ್ನು ತುರುಕಿದ್ದರು, ಮತ್ತೊಂದರಲ್ಲಿ ಅದು ನಮ್ಮದೇ ಹೆಸರೆಂದು ಗುರುತೇ ಹತ್ತದು. ಹೊಟ್ಟೆ ಉರಿಸಿದ್ದು ಏನೆಂದರೆ, ಅಜ್ಜ ಕಾಣೆಯಾದ ಮೇಲೂ ಆ ಹೆಸರು ಎಷ್ಟೋ ವರ್ಷ ಇದೇ ಊರಿನಲ್ಲಿ ದುಡಿದಿತ್ತು! ಅಂದರೆ ನಾಲ್ಕು ಬೀದಿ ಆಚೆ ಉಂಡು ಮಲಗಿಕೊಂಡಿದ್ದ, ಮನೆಗೆ ಮಾತ್ರ ಬರಲಿಲ್ಲ. ಹೆತ್ತವನು ತನ್ನನ್ನು ಬೇಕೆಂದೇ ಬಿಟ್ಟು ಹೋದನೋ ಇಲ್ಲವೋ, ಅಪ್ಪ ಕಣ್ಣು ಮುಚ್ಚುವ ಮೊದಲು ತಿಳಿಯಬೇಕಾದದ್ದು ಇಷ್ಟೇ.

ಅಪ್ಪ ಏಳಲಾರದ ಮೇಲೆ, ಕಚೇರಿಗಳಲ್ಲಿ ಅವರು ಬರೆದುಕೊಂಡು ತಂದಿದ್ದ ಚೀಟಿಗಳ ಕಟ್ಟು ನನ್ನ ಪಾಲಿಗೆ ಬಂತು. ಹೋದ ತಿಂಗಳು ಅವನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ನಿನ್ನ ಭಾವ ಕನ್ನಡಕ ಏರಿಸಿ ನೋಡಿ, "ಅಲ್ಲ ಕಣೇ, ಒಂದೇ ವಾರ ಹಗ್ಗದ ಕಾರ್ಖಾನೇಲೂ ಇದ್ದಾನೆ, ಊರಾಚೆ ಹಿಟ್ಟಿನ ಗೋದಾಮಲ್ಲೂ ಇದ್ದಾನೆ. ನಿಮ್ಮಜ್ಜ ನಿದ್ದೆ ಯಾವಾಗ ಮಾಡ್ತಿದ್ದ?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಆ ಎರಡು ಚೀಟಿ ಪಕ್ಕಪಕ್ಕ ಇಟ್ಟು ಮತ್ತೆ ನೋಡಿದೆ. ಇವರೆಲ್ಲ ಒಬ್ಬನೇ ಎಂದು ನಮಗೆ ಹೇಳಿದವರು ಯಾರು?

ಅಜ್ಜ ಮದುವೆಗೆ ಮೊದಲಿದ್ದ ಬಾಡಿಗೆ ಕೋಣೆಯ ವಿಳಾಸ ಚೀಟಿಯಲ್ಲಿತ್ತು. ಹೋದೆ. ಕೆಳಗೆ ಈಗ ಸೈಕಲ್ ರಿಪೇರಿ ಅಂಗಡಿ. ಮೇಲೆ ಆಗಿನ ಮನೆಯೊಡತಿಯ ಮಗಳು ಇನ್ನೂ ಇದ್ದಾರೆ. ತೊಂಬತ್ತು ದಾಟಿದೆ, ನಾಲಿಗೆ ಮಾತ್ರ ಚುರುಕು. ನಾನು ನಮ್ಮ ಹೆಸರು ಹೇಳಿದೆ.

"ಯಾರ ಕಡೆಯೋಳು ನೀನು? ಆ ಹೆಸರಿನೋರು ನಾಲ್ಕು ಜನ ಇದ್ರಲ್ಲ."

"ಗುಂಡಿ ಹೊಲಿಯೋಳನ್ನ ಮದುವೆ ಆದ್ರಲ್ಲ, ಅವರ ಮೊಮ್ಮಗಳು."

"ಅಯ್ಯೋ, ಪರವಾನಗಿಯಣ್ಣನ ಮೊಮ್ಮಗಳಾ! ಬಾರೇ, ಕೂತ್ಕೋ."

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಹಡಗಿಂದ ಇಳಿದೋರು ನಾಲ್ಕು ಜನ. ಕೆಲಸದ ಪರವಾನಗಿ ಇದ್ದದ್ದು ನಿಮ್ಮಜ್ಜನಿಗೆ ಒಬ್ಬನಿಗೇ. ಉಳಿದೋರಿಗೆ ಇಲ್ಲ ಅಂತ ಗೊತ್ತಾದ್ರೆ ವಾಪಸ್ಸು ಹಡಗು ಹತ್ತಿಸ್ತಿದ್ರು. ಅವನೇ ಅಂದ, ನನ್ನ ಹೆಸರು ಹೇಳ್ಕೊಳ್ರೋ, ಸವೆದೇನೂ ಹೋಗಲ್ಲ ಅಂತ. ನಾಲ್ಕು ಕಡೆ ಕೆಲಸಕ್ಕೆ ಸೇರಿದ್ರು, ನಾಲ್ಕು ಜನಾನೂ ನಿಮ್ಮಜ್ಜಾನೇ. ಗುಮಾಸ್ತರು ಕೇಳಿಸಿದ ಹಾಗೆ ಬರ್ಕೊಂಡ್ರು."

"ಮತ್ತೆ ಅವನು ಎಲ್ಲಿಗೆ ಹೋದ?" ಎಂದೆ.

"ಎಲ್ಲಿಗೂ ಹೋಗಲಿಲ್ಲ ಕಣಮ್ಮ. ಕೆಲಸಕ್ಕೆ ಹೋಗೋ ದಾರೀಲಿ ಎದೆ ಹಿಡ್ಕೊಂಡು ಇಲ್ಲಿ ಮೆಟ್ಟಿಲು ಹತ್ತಿ ಬಂದ. ನಮ್ಮಮ್ಮ ನೀರು ತರೋದ್ರೊಳಗೆ ಮುಗೀತು. ಅವನು ಸತ್ತ ಅಂತ ಬರೆಸಿದ್ರೆ ಪರವಾನಗೀನೂ ಸತ್ತ ಹಾಗೆ. ಮೂರು ಜನ ಗೋಡೆಗೆ ಒರಗಿ ಅಳ್ತಾ ಇದ್ರು. ಅವರಲ್ಲಿ ಹಾಡುಗಾರ ಅಂತ ಒಬ್ಬನಿದ್ದ, ಕೊನೆಗೆ ಅವನಂದ, 'ಸತ್ತೋನು ನಾನು ಅಂತ ಬರೆಸಿ. ಸತ್ತೋನ ಪರವಾನಗಿ ಯಾರೂ ಕೇಳಲ್ಲ.' ಮಾರನೇ ದಿನ ಅವನೇ ಹೋಗಿ ನಿಮ್ಮಜ್ಜನ ಜಾಗದಲ್ಲಿ ನಿಂತ. ಸಾವಿರ ಜನ ದುಡಿಯೋ ಕಡೆ ಹೆಸರು ಕೂಗ್ತಾರೆ, ಮುಖ ಯಾರು ನೋಡ್ತಾರೆ?"

"ನಮ್ಮಜ್ಜಿಗಾದ್ರೂ ಹೇಳಬಹುದಿತ್ತಲ್ಲ!"

"ಹೇಳಿದ್ರೆ ಅಳದೆ ಇರ್ತಿದ್ಲಾ? ಅತ್ತರೆ ಬೀದಿಗೆಲ್ಲ ಗೊತ್ತಾಗ್ತಿರಲಿಲ್ವಾ?"

ಪುಟ್ಟಿ, ಮೈಯೆಲ್ಲ ಉರಿದುಹೋಯಿತು. ಅಜ್ಜಿ ಆಯುಷ್ಯವಿಡೀ ಶಾಪ ಹಾಕಿದ್ದು ಸತ್ತವನಿಗೆ. ಬಾಯಿಗೆ ಬಂದಂತೆ ಬೈಯಬೇಕೆಂದು ತಲೆಯೆತ್ತಿದರೆ ಆ ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡುಗಾರನ ನಿಜವಾದ ಹೆಸರು, ಸ್ಮಶಾನದ ಗುರುತು ಕೇಳಿಕೊಂಡು ಎದ್ದು ಬಂದೆ.

ಶುಕ್ರವಾರ ನಿನ್ನ ಭಾವನೊಂದಿಗೆ ಸ್ಮಶಾನಕ್ಕೆ ಹೋಗಿದ್ದೆ. ಕಲ್ಲು ಸಿಕ್ಕಿತು. ಮೇಲಿರುವುದು ಹಾಡುಗಾರನ ಹೆಸರು, ಕೆಳಗಿರುವುದು ಅಜ್ಜ. ನಮ್ಮ ಹೆಸರನ್ನು ಇನ್ನೆಷ್ಟು ಥರ ತಿದ್ದಿ ಹುಡುಕಿದ್ದರೂ ಅಲ್ಲಿಗೆ ತಲುಪುತ್ತಿರಲಿಲ್ಲ. ನಿನ್ನೆ ಮಂಡಿ ತೋರಿಸಲು ಹೋದಾಗ ಆಸ್ಪತ್ರೆಯಲ್ಲಿ ಸರದಿ ಬಂದು ನಮ್ಮ ಮನೆತನದ ಹೆಸರು ಕೂಗಿದರು. ನನಗೆ ಓಗೊಡಲು ಭಯವಾಯಿತು ಕಣೇ. ನನಗಿಂತ ಮೊದಲು ಇನ್ಯಾರೋ ಎದ್ದು ನಿಲ್ಲುತ್ತಾರೆಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅಪ್ಪನಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳುತ್ತೇನೆ. ಬಿಟ್ಟು ಹೋಗಲಿಲ್ಲ ಎಂದು ಕೇಳಿದರೆ ಜೀವಕ್ಕೆ ನೆಮ್ಮದಿಯಾದೀತು. ನೀನೂ ಮಕ್ಕಳೂ ತಣ್ಣಗೆ ಬಾಳಿ, ನಿಮ್ಮ ಬಾಗಿಲಿಗೆ ಇಂಥ ಸುದ್ದಿ ಎಂದೂ ಬರದಿರಲಿ.

ನಿನ್ನ
ಅಕ್ಕ

ತಾ.ಕ.: ಸೋಮವಾರ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಅಪ್ಪನಿಗೆ ಎಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ ಅಂದರು: "ಅಪ್ಪ ಮನೆಗೆ ಬರದೆ ಮೂರ್ನಾಲ್ಕು ದಿನ ಆಗಿತ್ತು. ನಾನೊಬ್ಬನೇ ಕಾರ್ಖಾನೆ ಗೇಟಿಗೆ ಹೋದೆ. ಅಪ್ಪನ್ನ ಕರೀರಿ ಅಂದೆ. ಕಾವಲುಗಾರ ಹೆಸರು ಕೂಗ್ದ. ಯಾರೋ ಒಬ್ಬ ಓಡಿ ಬಂದ, ನಾನೇ ಅಂದ. ಇವನೇನೋ ನಿಮ್ಮಪ್ಪ, ಅಂತ ಕಾವಲುಗಾರ ಕೇಳ್ದ. ಆ ಮನುಷ್ಯ ಗಡಗಡ ನಡುಗ್ತಿದ್ದ. ನಂಗೆ ಪಾಪ ಅನ್ನಿಸ್ತು. ಹೂಂ ಅಂದೆ. ಕೈ ಹಿಡ್ಕೊಂಡು ಬೀದಿ ಕೊನೇವರೆಗೂ ಬಂದ. ಇನ್ನೊಬ್ಬನ್ನ ಅಪ್ಪ ಅಂತ ಒಪ್ಕೊಂಡ್ಬಿಟ್ನಲ್ಲ, ಅದಕ್ಕೇ ನಮ್ಮಪ್ಪ ಬರಲಿಲ್ಲ. ಯಾರಿಗೂ ಹೇಳಲಿಲ್ಲ, ನಿಮ್ಮಮ್ಮಂಗೂ ಹೇಳಲಿಲ್ಲ."

ಆಮೇಲೆ ನನ್ನ ಕೈ ಹಿಡಿದು, "ನಾನು ಹೂಂ ಅನ್ನೋಕ್ಕಿಂತ ಮುಂಚೇನೇ ನಮ್ಮಪ್ಪ ಸತ್ತಿದ್ನಾ?" ಎಂದು ಕೇಳಿದರು. "ಹೌದಪ್ಪ, ಮುಂಚೇನೇ" ಎಂದೆ. ಮತ್ತೆ ಕೇಳಿದರು, ಮತ್ತೆ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಿದ್ದಾರೆ, ಪುಟ್ಟಿ, ನಂಬುತ್ತಿಲ್ಲ. ಸಿಕ್ಕಿದ ಗಾಡಿ ಹತ್ತಿ ಬಾ. ನೀನೂ ಒಂದು ಸಲ ನಿನ್ನ ಬಾಯಲ್ಲಿ ಹೇಳು.