ತಾಯಿಯ ಕುರ್ಚಿ

೧೪ ಮಾರ್ಚ್, ಶನಿವಾರ

ನನ್ನ ಮುದ್ದು ಗುಬ್ಬಿಗೆ,

ಇನ್ನು ಮೇಲೆ ನಿನ್ನನ್ನು ಡಾಕ್ಟರಮ್ಮ ಎನ್ನಬೇಕೋ ಏನೋ. ನನ್ನ ಬಾಯಿಗೆ ಗುಬ್ಬಿ ಎಂಬುದೇ ರೂಢಿ, ಸಹಿಸಿಕೋ. ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಕಣ್ಣು ಮಂಜು, ಕೈ ನಡುಕ ಎಂದು ಕುಂಟುನೆಪ ಹೇಳಬಹುದಿತ್ತು. ಆದರೆ ಮೊನ್ನೆಯಷ್ಟೇ ಆಶ್ರಮದ ಮಕ್ಕಳಿಗೆ ನಲವತ್ತು ದಿಂಬಿನ ಚೀಲ ಹೊಲಿದ ಕೈ ಇದು. ನಿಜ ಹೇಳಬೇಕೆಂದರೆ ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ಕ್ಷಮಿಸು.

ಮೊದಲು ಇಲ್ಲಿಯ ಸುದ್ದಿ ಕೇಳು. ನೀನು ಪಾಸಾದ ವಿಷಯವನ್ನು ವಾರ್ಡನ್ ಪ್ರಾರ್ಥನೆಯ ಕೋಣೆಯಲ್ಲಿ ಮಕ್ಕಳನ್ನೆಲ್ಲ ಕೂಡಿಸಿ ಹೇಳಿದರು. ಅಡುಗೆಯಾಕೆ ಗಳಗಳ ಅತ್ತುಬಿಟ್ಟಳು. ಈರುಳ್ಳಿ ಹೆಚ್ಚಿದರೂ ಕಣ್ಣಲ್ಲಿ ನೀರು ಬಾರದ ಹೆಂಗಸು ಅವಳು, ನಿನಗೆ ಗೊತ್ತಲ್ಲ. "ಸೂಜಿ ಚುಚ್ಚೋರು ಬಂದ್ರೆ ಮಂಚದ ಕೆಳಗೆ ನುಗ್ತಿದ್ದೋಳು, ಈಗ ಅವಳೇ ಎಲ್ಲರಿಗೂ ಚುಚ್ತಾಳಂತೆ!" ಎಂದಳು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದ ನನಗೂ ನೀನು ಮುದ್ದಾಗಿದ್ದೆ. ನಾಲ್ಕು ವರ್ಷದವಳಾಗಿ ಬಂದಾಗ ಮೂರು ವಾರ ತುಟಿ ಬಿಚ್ಚಿರಲಿಲ್ಲ. ಹೊಲಿಗೆ ಮಿಷನ್ನಿನ ಕೆಳಗೆ, ನನ್ನ ಕಾಲ ಬಳಿ ಬಂದು ಕೂರುತ್ತಿದ್ದೆ. ಚಿಂದಿ ಬಟ್ಟೆಯ ಮೇಲೆ ನಾನು ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಕೊಟ್ಟರೆ ಬೆರಳಲ್ಲಿ ತಿದ್ದುತ್ತಿದ್ದೆ. "ಇನ್ನೊಂದು ಬರಿ" ಎಂಬುದೇ ನೀನು ಆಡಿದ ಮೊದಲ ಮಾತು. ಶಾಲೆ ಸೇರಿದ ಮೇಲಂತೂ ಪರೀಕ್ಷೆಯ ಬೆಳಿಗ್ಗೆ ಪ್ರಾರ್ಥನೆಯ ಕೋಣೆ ಬಿಟ್ಟು ಏಳುತ್ತಲೇ ಇರಲಿಲ್ಲ. "ದೇವರ ಹತ್ರ ಏನೇ ಅಷ್ಟು ಕೇಳ್ತೀಯ?" ಎಂದರೆ, "ಕೇಳಲ್ಲ ಹೊಲಿಗೆಮ್ಮ, ಓದಿದ್ದನ್ನೆಲ್ಲ ಒಪ್ಪಿಸ್ತೀನಿ. ಅವನಾದ್ರೂ ಕೊನೇ ತನಕ ಕೂತು ಕೇಳ್ತಾನಲ್ಲ" ಎಂದಿದ್ದೆ. ಆ ದಿನ ನನಗೆ ಊಟ ಸೇರಲಿಲ್ಲ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಪದವಿ ಕೊಡುವ ದಿನ ಮುಂದಿನ ಸಾಲಿನಲ್ಲಿ ಪ್ರತಿಯೊಬ್ಬರ ತಾಯಿಗೂ ಒಂದು ಕುರ್ಚಿ ಇಡುತ್ತಾರೆ, ನನ್ನ ತಾಯಿಯ ಕುರ್ಚಿಯಲ್ಲಿ ನೀವೇ ಕೂರಬೇಕು ಎಂದು ಬರೆದಿದ್ದೀಯ. ವೇದಿಕೆಯ ಮೇಲೆ ನಾಲ್ಕು ಮಾತಾಡುವ ಅವಕಾಶವೂ ಸಿಕ್ಕಿದೆಯಂತೆ. "ಏಳು ಸಲ ಸಾಲಿನಲ್ಲಿ ನಿಂತೆ, ಯಾರಿಗೂ ಬೇಡವಾದೆ. ದೇವರು ಮತ್ತು ಹೊಲಿಗೆಮ್ಮ ಇಬ್ಬರೇ ನನ್ನ ಕೈಬಿಡಲಿಲ್ಲ" ಎಂದು ಹೇಳುತ್ತೀಯಂತೆ.

ಆ ಸಾಲು ನನಗೆ ಮರೆತಿಲ್ಲ ಕಣೇ. ಮಕ್ಕಳಿಲ್ಲದ ದಂಪತಿಗಳು ಬರುವ ದಿನ ನಿಮಗೆಲ್ಲ ನಾನು ಹೊಲಿದ ಒಳ್ಳೆಯ ಅಂಗಿ ತೊಡಿಸಿ ವರಾಂಡದಲ್ಲಿ ನಿಲ್ಲಿಸುತ್ತಿದ್ದರು. ಅವರಿಗೆ ಹಿಡಿಸಿದ ಮಗು ಅದೇ ಅಂಗಿಯಲ್ಲಿ ಹೊರಟುಬಿಡುತ್ತಿತ್ತು. ಉಳಿದವರ ಅಂಗಿ ಒಗೆದು ಇಸ್ತ್ರಿಯಾಗಿ ಮತ್ತೆ ನನ್ನ ಕಪಾಟಿಗೆ ಬರುತ್ತಿತ್ತು. ನೀನು ಬೆಳೆದಂತೆಲ್ಲ ನಿನ್ನ ಹಳದಿ ಅಂಗಿಯ ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡಿದವಳು ನಾನೇ.

ಬರಲಾಗುವುದಿಲ್ಲ, ಗುಬ್ಬಿ. ಮಂಡಿ ನೋವು, ಬಸ್ಸು ಹತ್ತುವುದು ಕಷ್ಟ. ನೀನು ಮೂತಿ ಊದಿಸಿಕೊಳ್ಳುತ್ತೀಯ ಎಂದು ಗೊತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳಿಗೆ ಔಷಧಿ ಕೊಡುವಾಗ ಗದರಬೇಡ. ದೇವರು ನಿನಗೆ ಒಳ್ಳೆಯ ಕೈಗುಣ ಕೊಡಲಿ, ನೂರು ಕಾಲ ಬಾಳು.

ನಿನ್ನ
ಹೊಲಿಗೆಮ್ಮ

ತಾ.ಕ.: ಮಂಡಿ ನೋವು ಸುಳ್ಳು. ಇದನ್ನೂ ಹರಿಯುವ ಮೊದಲು ಬರೆದುಬಿಡುತ್ತೇನೆ. ನಿನಗೆ ಆರು ವರ್ಷವಾಗಿದ್ದಾಗ, ನೀನು ಎರಡನೇ ಸಲ ಸಾಲಿನಲ್ಲಿ ನಿಂತ ದಿನ, ಗಡಿಯಾರ ರಿಪೇರಿ ಮಾಡುವವನೊಬ್ಬ ಹೆಂಡತಿಯ ಜೊತೆ ಬಂದಿದ್ದ. ಅವಳು ನಿನ್ನನ್ನೇ ಆರಿಸಿದಳು. ನಿನಗೆ ಬಟ್ಟೆ ಹೊಲಿಸಲು ಅಳತೆ ಬೇಕೆಂದು ಓಡೋಡಿ ನನ್ನ ಕೋಣೆಗೆ ಬಂದಳು. ನೀನು ಹೋಗಿಬಿಟ್ಟರೆ ಮಿಷನ್ನಿನ ಕೆಳಗೆ ಯಾರೂ ಇರುವುದಿಲ್ಲ ಎಂಬ ಹೆದರಿಕೆ ನನಗೆ. ಟೇಪು ಕೈಯಲ್ಲಿ ಹಿಡಿದುಕೊಂಡೇ, "ಈ ಮಗೂಗೆ ಫಿಟ್ಸ್ ಬರುತ್ತೆ ಅಮ್ಮಾ, ನಿಮ್ಮ ಕೈಲಾಗಲ್ಲ" ಎಂದೆ. ನಿನಗೆ ಒಂದು ದಿನವೂ ಫಿಟ್ಸ್ ಬಂದಿರಲಿಲ್ಲ. ಆಫೀಸಿನವರು ವಿಚಾರಿಸಿದಾಗಲೂ, ಎರಡು ಸಲ ಕಣ್ಣಾರೆ ನೋಡಿದ್ದೇನೆ ಎಂದು ಸಾಧಿಸಿದೆ. ಅವರು ಅದನ್ನು ನಿನ್ನ ಫೈಲಿನಲ್ಲಿ ಬರೆದುಕೊಂಡರು. ಆ ಹೆಂಗಸು ಅಳುತ್ತ ಹೋದಳು, ಬೇರೆ ಮಗುವನ್ನೂ ಕರೆದುಕೊಂಡು ಹೋಗಲಿಲ್ಲ. ಆಮೇಲೆ ಐದು ಸಲವೂ ಬಂದವರು ನಿನ್ನ ಫೈಲು ಓದಿ ಪಕ್ಕದ ಮಗುವಿನ ಕಡೆ ತಿರುಗಿದರು. ನಾನು ನೋಡುತ್ತ ನಿಂತಿದ್ದೆ.

ಯಾರಿಗೂ ಬೇಡವಾದೆ ಎಂದು ಹೇಳಬೇಡ, ಮಗಳೇ. ಹಳೆಯ ರಿಜಿಸ್ಟರಿನಲ್ಲಿ ವಿಳಾಸ ಹುಡುಕಿಸಿ ಹೋದ ವಾರ ಆ ಮನೆಗೆ ಹೋಗಿದ್ದೆ. ಗಡಿಯಾರದವನು ತೀರಿಕೊಂಡಿದ್ದಾನೆ, ಅವಳೊಬ್ಬಳೇ ಇದ್ದಾಳೆ. ವಿಳಾಸ ಹಿಂದಿನ ಪುಟದಲ್ಲಿದೆ, ಕುರ್ಚಿಗೆ ಅವಳನ್ನು ಕರೆ. ಬಾಗಿಲು ತೆಗೆದವಳು ನನ್ನ ಗುರುತು ಹಿಡಿದಳು. ಒಳಗೆ ಬಾ ಎನ್ನುವುದಕ್ಕೂ ಮೊದಲು ಕೇಳಿದಳು: "ಆ ಮಗೂಗೆ ವಾಸಿ ಆಯ್ತಾ?"