ಒಮ್ಮೆಯೂ ಹಾಕದ ಕಿವಿಗವಸು

ಮರುಮರದ ಅಡ್ಡೆ, ಅಳ್ನಾವರ
ಹಗ್ಗ ಕಟ್ಟಿದ ನೂರಾ ಎಂಬತ್ತಮೂರನೆಯ ವರ್ಷ, ಖಂಡೇಪೂಜೆಯ ಹಿಂದಿನ ದಿನ, ಮಧ್ಯಾಹ್ನ

ಮಾನಪ್ಪಜ್ಜನಿಗೆ ಸಾವಂತ್ರಿಯ ನಮಸ್ಕಾರ.

ಮೇಲಿನ ತಾರೀಖು ನೋಡಿ ನೀನು ನಕ್ಕು ಈ ಕಾಗದವನ್ನು ಮರದ ಹೊಟ್ಟಿನ ಗುಡ್ಡೆಗೆ ಎಸೆಯಬಹುದು. ಎಸೆಯಬೇಡ. ನಿನ್ನ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರಾ ಒಂಬತ್ತನೆಯ ಇಸವಿ. ನನ್ನ ಬರವಣಿಗೆಯಲ್ಲಿ ನಿನಗೆ ಗೊತ್ತಿಲ್ಲದ ಶಬ್ದಗಳು ಬಂದಾವು, ಮನ್ನಿಸು. ಏಕವಚನಕ್ಕೂ ಮನ್ನಿಸು. ನೀನು ನನಗೆ ಆರು ತಲೆ ಹಿಂದಿನ ಅಜ್ಜ. ಆದರೆ ಇದನ್ನು ಓದುವ ಹೊತ್ತಿಗೆ ನಿನಗೆ ಮೂವತ್ತೆಂಟು, ನನಗೆ ಐವತ್ತೆರಡು. ಅಜ್ಜ ಎನ್ನಬೇಕೋ ತಮ್ಮ ಎನ್ನಬೇಕೋ ಎಂದು ತಲೆ ಕೆರೆದುಕೊಂಡು ಕೊನೆಗೆ ಅಜ್ಜ ಎಂದೇ ಬರೆದಿದ್ದೇನೆ.

ನಾನೂ ನಿನ್ನ ಹಾಗೆ ಗರಗಸದ ಮುಂದೆ ನಿಲ್ಲುವವಳು. ನಮ್ಮ ಕಾಲದಲ್ಲಿ ಯಾರೂ ಕಾಡಿನ ಮರ ಕಡಿಯುವುದಿಲ್ಲ. ಕೆಡವಿದ ಹಳೆಯ ಕಟ್ಟಡಗಳ ತೊಲೆ, ಕಂಬ, ಬಾಗಿಲುಗಳನ್ನು ತಂದು ಮತ್ತೆ ಸೀಳುತ್ತೇವೆ. ಅದಕ್ಕೆ ಮರುಮರ ಎಂದು ಹೆಸರು. ಒಂದೊಂದು ತೊಲೆಯಲ್ಲೂ ನಿಮ್ಮ ಕಾಲದವರು ಹೊಡೆದ ಮೊಳೆಗಳಿರುತ್ತವೆ. ಕ್ಯಾಲೆಂಡರ್ ತೂಗುಹಾಕಲು ಹೊಡೆದವು, ತೊಟ್ಟಿಲಿಗೆ ಹೊಡೆದವು, ಯಾತಕ್ಕೆಂದು ಗೊತ್ತಿಲ್ಲದವು. ಎಷ್ಟು ಹುಡುಕಿ ಕಿತ್ತರೂ ಎಲ್ಲೋ ಒಂದು ಉಳಿದೇ ಉಳಿಯುತ್ತದೆ. ಅಷ್ಟು ಮೊಳೆ ಹೊಡೆದು ನೀವು ಏನೇನು ತೂಗುಹಾಕಿದಿರೋ, ದೇವರಿಗೇ ಗೊತ್ತು.

ನಮ್ಮ ಅಡ್ಡೆಯ ರೀತಿ ಹೇಳುತ್ತೇನೆ, ಕೇಳು. ಗರಗಸ ತಿರುಗುವಾಗ ಅಂಗಳದಲ್ಲಿರುವ ಎಲ್ಲರ ಕಿವಿಗೂ ಕಿವಿಗವಸು ಇರಬೇಕು. ಹೊಟ್ಟು ತುಂಬುವವರಿಗೂ ಬಿಡುವಂತಿಲ್ಲ. ಹತ್ತಿ ತುರುಕಿದರೆ ನಡೆಯುವುದಿಲ್ಲ, ಹತ್ತಿ ಹೊಟ್ಟನ್ನು ತಡೆಯುತ್ತದೆಯೇ ಹೊರತು ಸದ್ದನ್ನಲ್ಲ. ಕೈಯಳತೆಯಲ್ಲಿ ನಿಂತವನಿಗೆ ಒದರಿ ಹೇಳುವ ಪ್ರಸಂಗ ಬಂತೆಂದರೆ ಆ ಜಾಗ ಕಿವಿಗೆ ಕೇಡು ಎಂದು ಮಕ್ಕಳಿಗೆ ಮೊದಲ ಪಾಠದಲ್ಲೇ ಕಲಿಸುತ್ತೇವೆ. ಎರಡು ತಾಸು ಸೀಳಿದ ಮೇಲೆ ಒಂದು ತಾಸು ಯಂತ್ರ ಬಿಟ್ಟು ದೂರ ಹೋಗಿ ಕೂರಬೇಕು, ಅದಕ್ಕೆ ಬಿಡುಗಿವಿ ಎನ್ನುತ್ತೇವೆ. ಬಿಡುಗಿವಿಯಲ್ಲಿ ನಾವು ಚುರುಮುರಿ ತಿನ್ನುತ್ತೇವೆ, ಪಿಸುಮಾತಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತೇವೆ. ಹಲಗೆ ಹೊರಬರುವ ತುದಿಯಲ್ಲಿ ನಿಲ್ಲುವವರ ತಲೆಯ ಮೇಲೆ ಒಂದು ಹಗ್ಗ ಇಳಿಬಿಟ್ಟಿರುತ್ತದೆ. ಅದನ್ನು ಎಳೆದರೆ ಗರಗಸ ನಿಂತುಬಿಡುತ್ತದೆ. ಆ ಹಗ್ಗದ ಹೆಸರು ಗಂಗಾಧರ.

ಹೌದು, ನಿನ್ನ ತಮ್ಮನ ಹೆಸರೇ.

ಈಗ ಅವನು ಅಲ್ಲೇ ಇದ್ದಾನೆ, ನಿನ್ನ ಎದುರಿನ ತುದಿಯಲ್ಲಿ ಹಲಗೆ ಹಿಡಿಯುತ್ತಾ. ಬರುವ ಬೇಸಿಗೆಯಲ್ಲಿ ನಿಮ್ಮ ಮಿಲ್ಲಿಗೆ ರಸ್ತೆಬದಿಯ ಒಂದು ಬೇವಿನ ದಿಮ್ಮಿ ಬರುತ್ತದೆ. ಯಾರೋ ಎಂದೋ ಅದಕ್ಕೆ ಬೋರ್ಡು ಹೊಡೆದಿದ್ದರು. ಬೋರ್ಡು ಹೋಗಿ, ಮೊಳೆಯ ಮೇಲೆ ಮರ ಬೆಳೆದುಬಿಟ್ಟಿದೆ. ಬ್ಲೇಡು ಕಬ್ಬಿಣಕ್ಕೆ ತಾಗಿದಾಗ ಅದರ ದನಿ ಬದಲಾಗುತ್ತದೆ. ಗಂಗಾಧರನಿಗೆ ಅದು ತಿಳಿಯುತ್ತದೆ, ಅವನು ಒದರುತ್ತಾನೆ. ನಿನಗೆ ಅದೂ ತಿಳಿಯುವುದಿಲ್ಲ, ಇದೂ ತಿಳಿಯುವುದಿಲ್ಲ. ಬ್ಲೇಡು ತುಂಡಾಗಿ ಅವನ ಕಡೆಗೇ ಹೋಗುತ್ತದೆ.

ಆಮೇಲೆ ನೀನು ಪೊಲೀಸರಿಗೆ ಕೊಟ್ಟ ಹೇಳಿಕೆಯ ನಕಲು ನಮ್ಮಲ್ಲಿದೆ. ಪ್ರತಿ ವರ್ಷ ಆಯುಧಗಳಿಗೆ ಹೂ ಏರಿಸುವ ಖಂಡೇಪೂಜೆಯಂದು ಅದನ್ನು ಗಟ್ಟಿಯಾಗಿ ಓದುತ್ತೇವೆ, ನನಗೆ ಬಾಯಿಪಾಠ. "ಬ್ಲೇಡಿನ ದನಿ ಕೇಳಬೇಕಾಕ್ಕತಿ ಅಂತ ಕಿವಿಗೆ ಅದನ್ನ ಹಾಕ್ಕೊಂತಿರ್ಲಿಲ್ಲರಿ. ತಮ್ಮ ಮೂರ ಸಲ ಒದರಿದ್ದು ಹೊಟ್ಟ ತುಂಬೂ ಹೆಣ್ಣಮಕ್ಕಳಿಗೂ ಕೇಳಿಸೇತಿ. ನನಗ ಕೇಳಿಸಿಲ್ಲರಿ. ನನಗ ಗುಂಯ್ ಅನ್ನೂದೊಂದ ಕೇಳಿಸ್ತಿತ್ತು."

ಆ ಗುಂಯ್ ನಿನಗೆ ಮೊದಲು ಕೇಳಿಸಿದ್ದು ಒಂದು ಖಂಡೇಪೂಜೆಯಂದೇ ಅಲ್ಲವೇ? ವರ್ಷಕ್ಕೊಮ್ಮೆ ಮಿಲ್ಲು ಪೂರ್ತಿ ನಿಲ್ಲುವ ದಿನ ಅದೊಂದೇ. ಯಂತ್ರಕ್ಕೆ ಹೂ ಏರಿಸಿ, ಕಣ್ಣು ಮುಚ್ಚಿ ನಿಂತಾಗ, ನಿಂತ ಯಂತ್ರ ನಿನ್ನ ಕಿವಿಯಲ್ಲಿ ಇನ್ನೂ ಓಡುತ್ತಿತ್ತು. ನೀನು ಹೆದರಿ ಹೇಳಿದೆ. ಹಿರಿಯರೆಲ್ಲ ಹಿಗ್ಗಿ, "ನಿನಗ ಮಷಿನ್ ಒಲದೈತಿ ನೋಡಪಾ" ಎಂದು ಮೊದಲ ಕಾಯಿ ನಿನ್ನ ಕೈಯಲ್ಲೇ ಒಡೆಸಿದರು. ಅವರಿಗೂ ಹಾಗೇ ಒಲಿದಿತ್ತು, ಪಾಪ. ಒಲಿದದ್ದಲ್ಲ ಅಜ್ಜ, ಅದು ಕಿವಿ ಸಾಯುವಾಗಿನ ಸದ್ದು. ಕಿವಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಮರ ಕಡಿದರೆ ಬುಡದಿಂದ ಚಿಗುರೀತು, ಆ ಕೂದಲು ಮತ್ತೆ ಹುಟ್ಟುವುದಿಲ್ಲ. ನಮ್ಮ ವೈದ್ಯರಿಗೂ ಇನ್ನೂ ಅದನ್ನು ಹುಟ್ಟಿಸಲು ಆಗಿಲ್ಲ.

ತಮ್ಮ ಹೋದ ದಿನದಿಂದ ನೀನು ಗರಗಸ ಮುಟ್ಟಲಿಲ್ಲ. ಮರುವರ್ಷದಿಂದ ಮಿಲ್ಲಿನಿಂದ ಮಿಲ್ಲಿಗೆ ನಡೆದು, ಯಾರು ಬೇಡವೆಂದರೂ ಕೇಳದೆ ಹಗ್ಗ ಕಟ್ಟಿದೆ. ನಮ್ಮ ವರ್ಷಗಳನ್ನು ನಾವು ಎಣಿಸುವುದು ನಿನ್ನ ಮೊದಲ ಹಗ್ಗದಿಂದ.

ಇಷ್ಟನ್ನು ಹೇಳಿ ಸಹಿ ಹಾಕಬೇಕೆಂದಿದ್ದೆ. ಆದರೆ ಊರಿಗೆಲ್ಲ ಬುದ್ಧಿ ಹೇಳಿ ಮನೆಯ ಮಾತು ಮುಚ್ಚಿಟ್ಟ ಹಾಗಾಗುತ್ತದೆ. ನನ್ನ ಮಾತನ್ನೂ ಕೇಳು.

ಖಂಡೇಪೂಜೆಯ ಬೆಳಿಗ್ಗೆ ನಮ್ಮಲ್ಲಿ ಕಾಳಿನ ಪರೀಕ್ಷೆ ನಡೆಯುತ್ತದೆ. ಗರಗಸ ಹಿಡಿಯುವವರು ಗೋಡೆಗೆ ಮುಖ ಮಾಡದೆ ಅಂಗಳದ ಕಡೆ ನೋಡುತ್ತಾ ಕೂರಬೇಕು. ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಫಕೀರಜ್ಜ, ನಮ್ಮ ಅಡ್ಡೆಯ ಹಿರಿಯ, ಹಿತ್ತಾಳೆ ತಾಟಿನ ಮೇಲೆ ಒಂದೊಂದೇ ಜೋಳದ ಕಾಳು ಬಿಡುತ್ತಾನೆ. ಕೇಳಿಸಿದಾಗಲೆಲ್ಲ ಕೈ ಎತ್ತಬೇಕು. ಮೂರು ಕಾಳು ತಪ್ಪಿದರೆ ಅಂದೇ ಗರಗಸ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕು. ನಾನು ನಾಲ್ಕು ವರ್ಷದಿಂದ ಒಂದೂ ತಪ್ಪದೆ ಕೈ ಎತ್ತುತ್ತಿದ್ದೇನೆ. ಕಾಳು ಬಿದ್ದದ್ದು ನನಗೆ ಒಂದೂ ಕೇಳಿಸಿಲ್ಲ. ಅಂಗಳದಲ್ಲಿ ಕೆಂಪಿ ಎಂಬ ಕೋಳಿ ಮೇಯುತ್ತಿರುತ್ತದೆ. ಕಾಳು ಟಣ್ ಎಂದಾಗಲೆಲ್ಲ ಅದು ಕತ್ತು ಎತ್ತುತ್ತದೆ. ಅದು ಕತ್ತು ಎತ್ತಿದಾಗ ನಾನು ಕೈ ಎತ್ತುತ್ತೇನೆ. ನಗಬೇಡ. ನಾಚಿಕೆಯಿಂದ ನನಗೇ ಬರೆಯಲಾಗುತ್ತಿಲ್ಲ.

ಮರುಮರದ ಮೊಳೆಗಳಿಗೆ ಹೆದರಿ ನಾನು ಎಡಗಡೆಯ ಗವಸನ್ನು ಸ್ವಲ್ಪ ಸರಿಸಿ ಸೀಳುತ್ತಿದ್ದೆ. ಬ್ಲೇಡಿನ ದನಿ ಕೇಳಬೇಕಲ್ಲ! ವರ್ಷ ವರ್ಷ ನಿನ್ನ ಹೇಳಿಕೆ ಓದಿದ ಬಾಯಿಯಿಂದಲೇ ಆ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಗವಸು ಹಾಕಿದವರಿಗೂ ಬ್ಲೇಡು ಕಬ್ಬಿಣಕ್ಕೆ ತಾಗಿದ್ದು ಕೇಳುತ್ತದೆ, ಸದ್ದೆಲ್ಲ ತಗ್ಗಿದಾಗ ಒಡಕು ದನಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇದನ್ನು ಎಷ್ಟು ಮಂದಿಗೆ ನಾನೇ ಕಲಿಸಿದ್ದೇನೆ. ಗರಗಸ ಬಿಟ್ಟರೆ ನಾನು ಯಾರೂ ಅಲ್ಲ ಎಂಬ ಹೆದರಿಕೆ ನನಗೆ, ಅಷ್ಟೇ.

ನನ್ನ ಎದುರಿನ ತುದಿಯಲ್ಲಿ ನಿಲ್ಲುವವಳು ನನ್ನ ಮಗಳು ಅಲರು. ಹೋದ ತಿಂಗಳು ಒಂದು ಸಾಗವಾನಿ ತೊಲೆ ಅರ್ಧ ಸೀಳಿದ್ದಾಗ ಗರಗಸ ಇದ್ದಕ್ಕಿದ್ದಂತೆ ನಿಂತಿತು. ತಲೆ ಎತ್ತಿ ನೋಡಿದರೆ ಅವಳು ಎರಡೂ ಕೈಯಿಂದ ಗಂಗಾಧರನನ್ನು ಹಿಡಿದು ಜೋತುಬಿದ್ದಿದ್ದಳು. ಬ್ಲೇಡಿನ ಹಲ್ಲು ಕಬ್ಬಿಣವನ್ನು ಕಚ್ಚಿಕೊಂಡಿತ್ತು. ಅವಳು ಹತ್ತಿರ ಬಂದು, ನನ್ನ ಮುಖಕ್ಕೆ ಮುಖ ಕೊಟ್ಟು, "ಅವ್ವಾ, ಮೂರ ಸಲ ಕರದೆ" ಎಂದಳು.

ಆ ದಿನದಿಂದ ನನಗೆ ನಿದ್ದೆ ಇಲ್ಲ. ಗುಂಯ್ ಎನ್ನುವುದರೊಳಗೆ ಯಾರೋ ಅಣ್ಣಾ ಎಂದು ಒದರುತ್ತಾರೆ. ಎಣಿಸುತ್ತೇನೆ, ಮೂರಕ್ಕೆ ನಿಲ್ಲುತ್ತದೆ. ನಿನ್ನ ತಮ್ಮ ಸತ್ತಿದ್ದರಿಂದ ನನ್ನ ಮಗಳು ಉಳಿದಳು ಎಂಬ ಲೆಕ್ಕವನ್ನು ನಾನು ಒಪ್ಪಲಾರೆ. ಇಬ್ಬರೂ ಉಳಿಯಬೇಕಿತ್ತು.

ಇವತ್ತು ಅಂಗಳಕ್ಕೆ ಹೋದರೆ ಕೆಂಪಿ ಇಲ್ಲ. ಮೂಲೆಯಲ್ಲಿ ಬುಟ್ಟಿ ಬೋರಲು ಹಾಕಿ, ಮೇಲೆ ಕಲ್ಲು ಹೇರಿತ್ತು. ಅಲರು ಕಲ್ಲಿನ ಪಕ್ಕ ಕೂತು ಚೆಂಡುಹೂ ಕಟ್ಟುತ್ತಿದ್ದಳು. ನನ್ನನ್ನು ನೋಡಿ, "ನಾಳೆತನ ಅಲ್ಲೇ ಇರಲಿ ಬಿಡವ್ವಾ" ಎಂದಳು, ನನಗೆ ತಿಳಿಯುವಂತೆ ತುಟಿ ಬಿಡಿಸಿ, ನಿಧಾನವಾಗಿ.

ನಾನು ಬುಟ್ಟಿ ಎತ್ತಲಿಲ್ಲ. ನಾಳೆ ಅಂಗಳದ ನಡುವೆ ಕೂರುತ್ತೇನೆ, ಕಾಳು ಬೀಳಲಿ, ಕೈ ಎತ್ತುವುದಿಲ್ಲ. ಎದ್ದು ನನ್ನ ಗವಸನ್ನು ಅಲರಿನ ಕೈಗೆ ಕೊಡುತ್ತೇನೆ.

ನಿನ್ನಲ್ಲಿ ನನ್ನ ಬೇಡಿಕೆ ಒಂದೇ. ನಿನ್ನ ಬಲಗಡೆಯ ಕಂಬದ ಮೊಳೆಗೆ ಮಿಲ್ಲಿನವರು ಕೊಟ್ಟ ಕಿತ್ತಳೆ ಬಣ್ಣದ ಕಿವಿಗವಸು ತೂಗುತ್ತಿದೆ. ಕೈ ಎತ್ತಿ ಅದನ್ನು ತೆಗೆದುಕೊ. ಆ ಗವಸು ಈಗ ನಮ್ಮ ಪೂಜೆಯ ಮಣೆಯ ಮೇಲಿದೆ, ಈ ಕಾಗದವನ್ನು ಅದರ ಕೆಳಗೇ ಇಡುತ್ತೇನೆ. ಬೇರೆ ಟಪಾಲು ನನಗೆ ತಿಳಿಯದು. ಇಷ್ಟು ವರ್ಷವಾದರೂ ಅದರ ಒಳಗಿನ ಸ್ಪಂಜು ಹೊಸದರ ಹಾಗೆ ಚೊಕ್ಕಟವಾಗಿದೆ. ನಾಳೆ ಬೆಳಿಗ್ಗೆ ಕುಂಕುಮ ಹಚ್ಚುವಾಗ ತಿರುಗಿಸಿ ನೋಡುತ್ತೇನೆ. ಅಲ್ಲಿ ನಿನ್ನ ಬೆವರಿನ ಕಲೆ ಇದ್ದರೆ, ಕಾಗದ ಮುಟ್ಟಿತೆಂದು ತಿಳಿಯುತ್ತೇನೆ.

ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಮೊಮ್ಮಗಳು,
ಸಾವಂತ್ರಿ